ಕಂಡಕ್ಟರ್ ದಮಯಂತಿಯ ಆಪರೇಷನ್

ಠಾಣೆ ಸ್ಟೇಷನ್ನಿನ ಪೂರ್ವಕ್ಕಿರುವ ಕೋಪರಿಯಲ್ಲಿ ದಮಯಂತಿಯನ್ನು ಅರಿಯದವರು ಕಡಿಮೆ. ಊರ ಕಡೆಯವರಿಗೆ ಅವಳು ಹೋಟೆಲ್ ಚನಿಯಣ್ಣನ ಮಗಳು. ಮಿಕ್ಕವರಿಗೆಲ್ಲ ‘ಕಂಡಕ್ಟರ್ ತಾಈ’, ಕಂಡಕ್ಟರ್ ಅಕ್ಕ. ಮುಲ್ಕಿಯ ಕಡೆಯಿಂದ ಬಂದ ಚನಿಯಣ್ಣ ಉಡುಪಿಯವರೊಬ್ಬರ ಹೋಟೆಲಿನಲ್ಲಿ ದೋಸೆ ಹಿಟ್ಟು ಅರೆಯುತ್ತಲೇ ಮಗಳನ್ನು ಹನ್ನೆರಡನೆಯ ತರಗತಿಯವರೆಗೆ ಓದಿಸಿದ. ಮಗಳು ಪರೀಕ್ಷೆ ಬರೆದು ಸಿಟಿ ಬಸ್ಸಿನ ಕಂಡಕ್ಟರ್ ಆದಳು. ಆ ಕಾಲಕ್ಕೆ ಅವಳ ಡಿಪೋದಲ್ಲಿ ಹೆಂಗಸು ಕಂಡಕ್ಟರುಗಳೆಂದರೆ ಬೆರಳೆಣಿಕೆ. ಮೊದಲ ದಿನ ಖಾಕಿ ಸಮವಸ್ತ್ರ ತೊಟ್ಟು ಅವಳು ಹೋಟೆಲಿನ ಮುಂದೆ ಹೋಗಿ ನಿಂತಾಗ ಚನಿಯಣ್ಣ ಹಿಟ್ಟಿನ ಕೈಯಲ್ಲೇ ಹೊರಗೆ ಬಂದು ಬೀದಿಯ ಈ ತುದಿಯಿಂದ ಆ ತುದಿಯವರೆಗೆ ಕಣ್ಣು ಹಾಯಿಸಿದನಂತೆ, ಸಾಕಷ್ಟು ಜನ ನೋಡುತ್ತಿದ್ದಾರೋ ಇಲ್ಲವೋ ಎಂದು.

ದಮಯಂತಿಗೆ ಬಸ್ಸೆಂದರೆ ಪ್ರಾಣ. ಟಿಕೆಟ್ ಕೊಡುವ ಕೆಲಸವನ್ನು ಯಾರು ಬೇಕಾದರೂ ಮಾಡಬಹುದು, ತುಂಬಿದ ಬಸ್ಸನ್ನು ಹಿಡಿತದಲ್ಲಿಡುವುದು ಎಲ್ಲರಿಗೂ ಬರುವ ವಿದ್ಯೆಯಲ್ಲ ಎಂದು ಅವಳ ನಂಬಿಕೆ. ‘ಪುಢೇ ಸರಕಾ, ಪುಢೇ ಸರಕಾ’ ಎಂದು ಅವಳು ಒಂದು ಸಲ ಕೂಗಿದರೆ ಬಾಗಿಲ ಬಳಿ ಬೇರುಬಿಟ್ಟವರೂ ತಾವಾಗಿ ಮುಂದೆ ಸರಿಯುತ್ತಿದ್ದರು. ಬಸುರಿಯರಿಗೆ ಸೀಟು ಬಿಡಿಸುವುದು, ಕುಡಿದು ಹತ್ತಿದವನನ್ನು ಮುಂದಿನ ಸ್ಟಾಪಿನಲ್ಲಿ ನಯವಾಗಿ ಇಳಿಸುವುದು, ನಿದ್ದೆ ಹೋದ ನರ್ಸಮ್ಮನನ್ನು ಅವಳ ಸ್ಟಾಪಿನಲ್ಲಿ ಎಬ್ಬಿಸುವುದು, ಎಲ್ಲವೂ ಅವಳದೇ. ಮದುವೆಯಾದ ಮೇಲೂ, ಮಗಳು ರಮಿತಾ ಹುಟ್ಟಿದ ಮೇಲೂ ಕೆಲಸ ಬಿಡುವ ಮಾತೆತ್ತಲಿಲ್ಲ. ಗಂಡ ವಿಕಾಸ್ ನೌಪಾಡಾದ ಒಂದು ಹೋಟೆಲಿನಲ್ಲಿ ಕ್ಯಾಪ್ಟನ್. ಗಿರಾಕಿಗಳನ್ನು ಕೂರಿಸುವುದು, ವೈಟರುಗಳನ್ನು ಓಡಿಸುವುದು ಅವನ ಕೆಲಸ. ಇಬ್ಬರದೂ ಜನರ ನಡುವಿನ ಬದುಕು.

ಮೈ ಬೆಳೆಯತೊಡಗಿದ್ದು ಹೆರಿಗೆಯ ನಂತರ. ಥೈರಾಯ್ಡ್ ಬಂತು, ಸಕ್ಕರೆ ಬಂತು, ಮೊಣಕಾಲು ಹಿಡಿಯಿತು. ಅವಳು ಮಾಡದ ಉಪಾಯವಿಲ್ಲ. ಒಂದು ವರ್ಷ ಚಪಾತಿ ಮಾತ್ರ, ಇನ್ನೊಂದು ವರ್ಷ ಚಪಾತಿ ಬಿಟ್ಟು ಬರೀ ತರಕಾರಿ, ಜಿಮ್ಮು, ಆಯುರ್ವೇದದ ಕಷಾಯ, ನಿಂಬೆ ನೀರು. ಹತ್ತು ಕಿಲೋ ಇಳಿದರೆ ಹನ್ನೆರಡು ಏರುತ್ತಿತ್ತು. ಬಸ್ಸಿನ ಸೀಟುಗಳ ನಡುವಿನ ದಾರಿ ಮಾತ್ರ ಇದ್ದಷ್ಟೇ ಇತ್ತು. ಮೊದಲು ನೇರ ನಡೆಯುತ್ತಿದ್ದವಳು ಆಮೇಲೆ ಓರೆಯಾಗಿ ನಡೆದಳು. ‘ತಾಈ ಬಂದ್ರು, ಎಲ್ಲ ಉಸಿರು ಒಳಗೆ ಎಳ್ಕೊಳ್ಳಿ’ ಎಂದು ಕಾಲೇಜು ಹುಡುಗರು ನಕ್ಕರೆ, ‘ಉಸಿರು ಎಳೀರಿ, ಆದ್ರೆ ಟಿಕೆಟ್ ಮೊದ್ಲು ತಗೊಳ್ಳಿ’ ಎಂದು ಇವಳೂ ನಗುತ್ತಿದ್ದಳು. ಮನೆಗೆ ಬಂದ ಮೇಲೆ ನಗುತ್ತಿರಲಿಲ್ಲ. ಲಿಫ್ಟಿಲ್ಲದ ಹಳೇ ಕಟ್ಟಡದ ಮೂರನೇ ಮಹಡಿಗೆ ಹತ್ತುವಾಗ ಪ್ರತಿ ಮಹಡಿಯಲ್ಲೂ ಮೊಬೈಲ್ ನೋಡುವ ನೆಪ ಮಾಡಿ ನಿಲ್ಲುತ್ತಿದ್ದಳು.

ಮಳೆಗಾಲದ ಒಂದು ಬೆಳಿಗ್ಗೆ ನೌಪಾಡಾದ ತಿರುವಿನಲ್ಲಿ ರಿಕ್ಷಾ ಒಂದು ಅಡ್ಡ ನುಗ್ಗಿತು. ಡ್ರೈವರ್ ಮನೀಶ ಬ್ರೇಕ್ ಒತ್ತಿದ. ದಮಯಂತಿ ಕಂಬ ಹಿಡಿಯಲು ಕೈ ಚಾಚಿದಳು, ಮೊಣಕಾಲು ಕೈಕೊಟ್ಟಿತು. ಸೀಟಿನಲ್ಲಿ ಕುಳಿತಿದ್ದ ಒಬ್ಬ ಮುದುಕಿಯ ಮೇಲೆ ಪೂರಾ ಬಿದ್ದುಬಿಟ್ಟಳು. ಮುದುಕಿಯ ಮಣಿಕಟ್ಟಿನ ಎಲುಬು ಮುರಿಯಿತು. ಬಸ್ಸಿನವರೇ ಸೇರಿ ಆಸ್ಪತ್ರೆಗೆ ಸಾಗಿಸಿದರು. ಪ್ಲಾಸ್ಟರ್ ಹಾಕಿಸಿಕೊಂಡು ಮಲಗಿದ್ದ ಆ ಅಜ್ಜಿ ಬೈಯಲಿಲ್ಲ. ‘ಜಾವೂ ದೇ ಬಾಳಾ, ಹೋಗಲಿ ಬಿಡು’ ಎಂದು ಒಳ್ಳೆಯ ಕೈಯಲ್ಲಿ ಇವಳ ಗಲ್ಲ ತಟ್ಟಿದಳು. ಬೈದಿದ್ದರೆ ವಾಸಿಯಿತ್ತು ಎಂದು ದಮಯಂತಿಗೆ ಅನ್ನಿಸಿತು.

ಅದಾದ ಮೇಲೆ ಡಿಪೋದವರು ವೈದ್ಯಕೀಯ ತಪಾಸಣೆ ಮಾಡಿಸಿ ಅವಳನ್ನು ಬಸ್ಸಿನಿಂದ ಇಳಿಸಿದರು. ಸಿಟ್ಟಿನಿಂದಲ್ಲ, ಅಂತಃಕರಣದಿಂದಲೇ. ಸ್ಟೇಷನ್ನಿನ ಹೊರಗಿನ ಕ್ಯಾಬಿನ್ನಿನಲ್ಲಿ ಕುಳಿತು ಮೈಕಿನಲ್ಲಿ ಬಸ್ಸುಗಳ ಹೆಸರು ಹೇಳುವ ಕೆಲಸ ಕೊಟ್ಟರು. ‘ಆರಾಮದ ಡ್ಯೂಟಿ, ಫ್ಯಾನು ಉಂಟು, ಕುರ್ಚಿ ಉಂಟು. ಇನ್ನೆಂತ ಬೇಕು ನಿಂಗೆ?’ ಎಂದ ವಿಕಾಸ್. ದಮಯಂತಿ ಕ್ಯಾಬಿನ್ನಿನ ಗಾಜಿನ ಹಿಂದೆ ಕುಳಿತು ತನ್ನದೇ ಬಸ್ಸು ಬೇರೆಯವರ ಕೈಯಲ್ಲಿ ಹೊರಡುವುದನ್ನು ದಿನವೂ ನೋಡಿದಳು. ಹೊಸ ಕಂಡಕ್ಟರಿಗೆ ಜನರನ್ನು ಮುಂದೆ ಸರಿಸಲು ಬರುತ್ತಿರಲಿಲ್ಲ. ಬಾಗಿಲಲ್ಲಿ ಜನ ಜೋತಾಡುತ್ತಿದ್ದರು. ಅವಳಿಗೆ ಅದನ್ನು ನೋಡಿದರೆ ಹೊಟ್ಟೆ ಉರಿಯುತ್ತಿತ್ತು.

ನವಿ ಮುಂಬಯಿಯ ಡಾಕ್ಟರ್ ಸುಮೇಧಾರ ಬಳಿಗೆ ಅವಳು ಹೋದದ್ದು ಮಂಡಿನೋವಿನ ಡಾಕ್ಟರು ಕಳಿಸಿದ್ದರಿಂದ. ಸುಮೇಧಾ ಅವಳ ವರದಿಗಳನ್ನೆಲ್ಲ ನೋಡಿ, ಮಲಗಿದಾಗ ಉಸಿರು ಕಟ್ಟುವುದನ್ನು ಕೇಳಿ ತಿಳಿದು, ನಿಧಾನವಾಗಿ ಬಿಡಿಸಿ ಹೇಳಿದರು. ಹೊಟ್ಟೆಯ ಮುಕ್ಕಾಲು ಭಾಗ ತೆಗೆದು ಬಾಳೆಕಾಯಿಯ ಗಾತ್ರದ ಒಂದು ಕೊಳವೆಯಷ್ಟನ್ನೇ ಉಳಿಸುವ ಶಸ್ತ್ರಚಿಕಿತ್ಸೆ. ಹಸಿವು ತಗ್ಗುತ್ತದೆ, ಸಕ್ಕರೆ ಹತೋಟಿಗೆ ಬರಬಹುದು. ಆದರೆ ಜನ್ಮವಿಡೀ ಸ್ವಲ್ಪಸ್ವಲ್ಪವೇ ತಿನ್ನಬೇಕು, ವಿಟಮಿನ್ ನುಂಗಬೇಕು, ತಪಾಸಣೆ ತಪ್ಪಿಸಬಾರದು.

‘ಇದು ಸೋಮಾರಿಗಳ ದಾರಿ ಅಂತ ಜನ ಹೇಳ್ತಾರಲ್ಲ ಡಾಕ್ಟರ್?’ ಎಂದು ದಮಯಂತಿ ಮರಾಠಿಯಲ್ಲಿ ಕೇಳಿದಳು.

‘ಮಾಡಿಸಿಕೊಂಡವರು ಯಾರೂ ಹಾಗೆ ಹೇಳಿದ್ದು ನಾನು ಕೇಳಿಲ್ಲ’ ಎಂದರು ಸುಮೇಧಾ. ‘ನಿಮಗೆ ಇದು ಯಾಕೆ ಬೇಕು, ಅದನ್ನ ಹೇಳಿ.’

‘ನನಗೆ ನನ್ನ ಬಸ್ಸು ವಾಪಸ್ ಬೇಕು.’

ಮನೆಯಲ್ಲಿ ಮೂವರೂ ಕುಳಿತು ಮಾತಾಡಿದರು. ರಮಿತಾ ಕಾಲೇಜಿಗೆ ಹೋಗುವ ಹುಡುಗಿ; ಮನೆಯ ತುಳು ಕನ್ನಡ ಎಲ್ಲ ಅರ್ಥವಾದರೂ ಉತ್ತರ ಕೊಡುವುದು ಹಿಂದಿಯಲ್ಲೇ. ‘ಕರ್ ಲೋ ಮಮ್ಮೀ, ಮೈ ಹೂ ನಾ’ ಎಂದು, ಮಾಡಿಸಿಕೋ ನಾನಿದ್ದೇನೆ ಎನ್ನುವಂತೆ, ತಾಯಿಯ ತೊಡೆಯ ಮೇಲೆ ಕೈಯಿಟ್ಟಳು. ವಿಕಾಸ್ ಒಪ್ಪಿದ, ಒಂದು ಷರತ್ತಿನ ಮೇಲೆ.

‘ಯಾರಿಗೂ ಹೇಳ್ಲಿಕ್ಕಿಲ್ಲ. ಮುಖ್ಯವಾಗಿ ಕಲ್ಯಾಣದ ಅಕ್ಕನಿಗೆ. ಅವಳಿಗೆ ಹೇಳಿದ್ರೆ ಲೋಕಲ್ ಟ್ರೇನಿನಲ್ಲಿ ಅನೌನ್ಸ್ ಮಾಡಿದ ಹಾಗೆ. ತಿಂದು ತಿಂದು ಬೆಳೆಸಿದ್ಳು, ಈಗ ಹೊಟ್ಟೆ ಕೊಯ್ಸಿಕೊಂಡ್ಳು ಅಂತ ಆಡ್ತಾರೆ ಜನ. ಪಿತ್ತಕೋಶದ ಕಲ್ಲು ಅಂತ ಹೇಳುವ.’

ದಮಯಂತಿಗೂ ಆಗ ಅದೇ ಸರಿ ಕಂಡಿತು. ಡಯಟ್ಟು ಸೋತಾಗೆಲ್ಲ ತಾನೇ ಸೋತೆ ಎಂಬ ಭಾವ ಅವಳೊಳಗೆ ಎಷ್ಟೋ ವರ್ಷಗಳಿಂದ ಗೂಡು ಕಟ್ಟಿತ್ತು. ಆಪರೇಷನ್ ಎಂದರೆ ಆ ಸೋಲಿಗೆ ಹಾಕಿದ ಕೊನೆಯ ಮುದ್ರೆ ಎಂದು ಅವಳೂ ತಿಳಿದಿದ್ದಳು.

ಆಪರೇಷನ್ ಸಲೀಸಾಗಿ ಮುಗಿಯಿತು. ಹೊಟ್ಟೆಯ ಮೇಲೆ ಐದು ಸಣ್ಣ ಗಾಯ, ಅಷ್ಟೇ. ಸಲೀಸಲ್ಲದ್ದು ಅದರಾಚೆಗಿನ ದಿನಗಳು. ಮೊದಲ ವಾರಗಳಲ್ಲಿ ಬರೀ ತಿಳಿನೀರು, ಬೇಳೆಕಟ್ಟು, ಮಜ್ಜಿಗೆ. ಅದೂ ಗುಟುಕು ಗುಟುಕಾಗಿ. ಒಂದು ಲೋಟ ಕುಡಿದು ಮುಗಿಸಲು ಒಂದು ತಾಸು. ಗಂಡ ಹೋಟೆಲಿನಿಂದ ಬಂದರೆ ಅವನ ಅಂಗಿಯಲ್ಲಿದ್ದ ಸಾಂಬಾರಿನ ವಾಸನೆಗೇ ಅವಳಿಗೆ ಅಳು ಬರುತ್ತಿತ್ತು. ತಲೆಗೂದಲು ಬಾಚಣಿಗೆಯ ತುಂಬ ಉದುರಿತು. ಸ್ವಲ್ಪ ಅವಸರ ಮಾಡಿ ನುಂಗಿದರೂ ಎದೆಯಲ್ಲಿ ಕಲ್ಲು ಕುಳಿತಂತಾಗಿ ವಾಂತಿ. ಆದರೂ ಅವಳು ದಿನಾ ಬೆಳಿಗ್ಗೆ ಕಟ್ಟಡದ ಸುತ್ತ ನಡೆದಳು. ಮೊದಲು ಒಂದು ಸುತ್ತು, ಆಮೇಲೆ ಸ್ಟೇಷನ್ನಿನವರೆಗೆ, ಆಮೇಲೆ ಹಿನ್ನೀರಿನ ಖಾಡಿಯ ದಂಡೆಯವರೆಗೆ.

ಗಂಡನ ಅಕ್ಕ ವಸಂತಿ ಕಲ್ಯಾಣದಿಂದ ನೋಡಲು ಬಂದಳು. ಬಂದವಳೇ ಚೀಲದಿಂದ ಎಳನೀರು ತೆಗೆದಿಟ್ಟು, ‘ಕಲ್ಲು ಎಲ್ಲುಂಟು? ತೋರ್ಸು’ ಎಂದಳು.

‘ಎಂತ ಕಲ್ಲು?’ ದಮಯಂತಿ ತಬ್ಬಿಬ್ಬಾದಳು.

‘ಪಿತ್ತದ ಕಲ್ಲು ಮಾರಾಯ್ತಿ! ನಮ್ಮ ಕೆಳಗಿನ ಮನೆಯವ್ರಿಗೆ ಬಾಟ್ಲಿಯಲ್ಲಿ ಹಾಕಿ ಕೊಟ್ಟಿದ್ರು. ಅವ್ರು ಬಂದವ್ರಿಗೆಲ್ಲ ತೋರಿಸ್ತಾರೆ.’

‘ಬುವಾ, ವೋ ತೋ ಹಾಸ್ಪಿಟಲ್ ವಾಲೋಂನೆ ಫೇಂಕ್ ದಿಯಾ’ ಎಂದು ರಮಿತಾ ಅಡುಗೆಮನೆಯಿಂದಲೇ ಕೂಗಿ, ಎಸೆದ ಕಲ್ಲಿನ ಕತೆ ಕಟ್ಟಿ ತಾಯಿಯನ್ನು ಪಾರುಮಾಡಿದಳು. ವಸಂತಿ ಬೇಸರಪಟ್ಟುಕೊಂಡಳು. ಅಷ್ಟು ನೋವು ಕೊಟ್ಟ ಕಲ್ಲನ್ನು ಮನೆಯವರಿಗೆ ಕೊಡದೆ ಎಸೆಯುವುದು ಎಂಥ ನ್ಯಾಯ ಎಂದು ಹೊರಡುವವರೆಗೂ ಗೊಣಗಿದಳು. ಅವಳು ಹೋದ ಮೇಲೆ ತಾಯಿ ಹೊಟ್ಟೆಯ ಗಾಯ ಹಿಡಿದುಕೊಂಡು ಮಗಳೊಡನೆ ನಕ್ಕಳು.

ವರ್ಷ ತಿರುಗುವುದರೊಳಗೆ ದಮಯಂತಿ ಅರ್ಧಕ್ಕೆ ಇಳಿದಳು ಎಂದು ಜನ ಹೇಳುತ್ತಿದ್ದದ್ದು ಉತ್ಪ್ರೇಕ್ಷೆ. ಆದರೆ ಹಳೆಯ ಖಾಕಿ ಅಂಗಿಯೊಂದರಲ್ಲಿ ಅವಳೂ ರಮಿತಾಳೂ ಒಟ್ಟಿಗೆ ನಿಂತು ಫೋಟೋ ತೆಗೆಸಿಕೊಂಡದ್ದು ಮಾತ್ರ ನಿಜ. ಸಕ್ಕರೆಯ ಮಾತ್ರೆ ನಿಂತಿತು. ಮೂರು ಮಹಡಿ ನಿಲ್ಲದೆ ಹತ್ತಿದ ದಿನ ಬಾಗಿಲ ಮುಂದೆ ನಿಂತು, ಬೀಗ ತೆಗೆಯುವುದನ್ನು ಮರೆತು, ತನ್ನ ಉಸಿರನ್ನೇ ಕೇಳುತ್ತ ನಿಂತಳು. ಡಿಪೋದ ತಪಾಸಣೆಯಲ್ಲಿ ಪಾಸಾದಳು. ಸೋಮವಾರ ಮನೀಶನ ಬಸ್ಸಿಗೆ ಡ್ಯೂಟಿ ಬಿತ್ತು.

ಆ ಸೋಮವಾರದ ಸುಖವನ್ನು ಅವಳು ಈಗಲೂ ಹೇಳುತ್ತಾಳೆ. ಟಿಕೆಟ್ ಮೆಷಿನ್ ಹೆಗಲಿಗೇರಿಸಿ ಹಿಂದಿನ ಬಾಗಿಲಿನಿಂದ ಹತ್ತಿದಳು. ಬಸ್ಸು ತುಂಬಿತ್ತು. ಸೀಟುಗಳ ನಡುವೆ ನೇರವಾಗಿ, ಎರಡೂ ಹೆಗಲು ಒಂದೇ ಸಮ, ಮುಂದಿನ ಬಾಗಿಲಿನವರೆಗೆ ನಡೆದಳು. ಯಾರ ಮೊಣಕೈಗೂ ತಾಗಲಿಲ್ಲ, ಯಾರೂ ಉಸಿರು ಒಳಗೆಳೆಯಲಿಲ್ಲ. ‘ಪುಢೇ ಸರಕಾ!’ ಎಂದು ಕೂಗಿದಳು. ದನಿ ಅಲ್ಲೇ ಇತ್ತು, ಎಲ್ಲೂ ಹೋಗಿರಲಿಲ್ಲ. ಮನೀಶ ಕನ್ನಡಿಯಲ್ಲಿ ನೋಡಿ ಎರಡು ಸಲ ಹಾರ್ನ್ ಬಾರಿಸಿದ. ರಸ್ತೆಯಲ್ಲಿ ಹಾರ್ನ್ ಬಾರಿಸುವಂಥದ್ದು ಏನೂ ಇರಲಿಲ್ಲ.

ಪ್ರಶ್ನೆಗಳು ಶುರುವಾದದ್ದು ಅದರ ಬೆನ್ನಿಗೇ. ಡಿಪೋದ ಕ್ಯಾಂಟೀನಿನಲ್ಲಿ, ಬಸ್ಸಿನಲ್ಲಿ, ಕೋಪರಿಯ ತರಕಾರಿ ಗಾಡಿಯ ಮುಂದೆ, ಎಲ್ಲ ಕಡೆ ಒಂದೇ ಮಾತು: ಏನು ಮಾಡಿದಿರಿ? ದಮಯಂತಿ ಒಂದು ಉತ್ತರ ಸಿದ್ಧಮಾಡಿಟ್ಟುಕೊಂಡಿದ್ದಳು. ‘ವಾಕಿಂಗು, ಮತ್ತೆ ಕುಚ್ಚಲಕ್ಕಿ ಗಂಜಿ ತಿಳಿ.’ ಪೂರಾ ಸುಳ್ಳೂ ಅಲ್ಲ. ಜನ ಕಣ್ಣರಳಿಸಿ ‘ಮನಸ್ಸು ಗಟ್ಟಿ ಇರ್ಬೇಕು ಅಷ್ಟೇ ನೋಡಿ’ ಎನ್ನುತ್ತಿದ್ದರು. ಅದು ಮೆಚ್ಚುಗೆಯ ಮಾತೇ. ಆದರೂ ಆ ಮಾತು ಕೇಳಿದಾಗೆಲ್ಲ ಅವಸರದಲ್ಲಿ ನುಂಗಿದ ತುತ್ತಿನ ಹಾಗೆ ಎದೆಯಲ್ಲಿ ಏನೋ ಸಿಕ್ಕಿಕೊಳ್ಳುತ್ತಿತ್ತು. ಹಾಗಾದರೆ ಹಿಂದೆ ತನ್ನ ಮನಸ್ಸು ಗಟ್ಟಿ ಇರಲಿಲ್ಲವೇ?

ಆ ವರ್ಷ ಶ್ರಾವಣದಲ್ಲಿ ವಸಂತಿಯ ಮನೆಯಲ್ಲಿ ಸತ್ಯನಾರಾಯಣ ಪೂಜೆ. ಕಲ್ಯಾಣದ ಆ ಮನೆಗೆ ಊರ ಕಡೆಯವರು ಮೂವತ್ತು ನಲವತ್ತು ಜನ ಬಂದಿದ್ದರು. ಊಟಕ್ಕೆ ಕುಳಿತಾಗ ದಮಯಂತಿ ಎಲೆಯ ತುದಿಯಲ್ಲಿ ಎರಡು ಚಮಚ ಅನ್ನ, ಸ್ವಲ್ಪ ತೊವ್ವೆ ಹಾಕಿಸಿಕೊಂಡಳು. ‘ಇದೆಂಥ ಕಾಗೆಗೆ ಇಟ್ಟ ಹಾಗೆ!’ ಎಂದು ಬಡಿಸುವವರೊಬ್ಬರು ಬೇಡ ಬೇಡ ಎಂದರೂ ಹೋಳಿಗೆ ಹಾಕಿ ತುಪ್ಪ ಸುರಿದರು. ಪ್ರಸಾದವೆಂದು ಬಿಡಲಾರದೆ ಅವಳು ತಿಂದಳು. ಸ್ವಲ್ಪ ಹೊತ್ತಿಗೆ ಬೆವರು ಕಿತ್ತು ಬಂತು. ಎದ್ದು ಬಚ್ಚಲಿಗೆ ಓಡಿದಳು. ಹೊರಗೆ ಬಂದಾಗ ಹಾಲ್‌ನ ಮಾತು ತಟ್ಟನೆ ನಿಂತಿತು. ನಿಂತದ್ದು ತನ್ನದೇ ಕುರಿತ ಮಾತೆಂದು ಊಹಿಸುವುದು ಅವಳಿಗೆ ಕಷ್ಟವಾಗಲಿಲ್ಲ.

ವಸಂತಿ ಅವಳ ಕೈಹಿಡಿದು ಒಳಕೋಣೆಗೆ ಎಳೆದುಕೊಂಡು ಹೋಗಿ ಬಾಗಿಲು ಹಾಕಿದಳು. ಸದಾ ಬಾಯಿ ಬಿಡುತ್ತಿದ್ದ ಹೆಂಗಸು ಆಗ ಬಾಯಿಬಿಡಲಾರದೆ ಅಳುತ್ತಿದ್ದಳು.

‘ಎಷ್ಟನೇ ಸ್ಟೇಜು?’ ಎಂದಳು ಕೊನೆಗೆ.

‘ಎಂತ ಸ್ಟೇಜು ವಸಂತಕ್ಕ?’

‘ನನ್ಗೆ ಸುಳ್ಳು ಹೇಳ್ಬೇಡ. ಕಲ್ಲೂ ಇಲ್ಲ, ಬಾಟ್ಲಿಯೂ ಇಲ್ಲ. ಕೂದ್ಲು ಉದುರಿತು, ಮೈ ಇಳೀತು, ತಿಂದದ್ದು ನಿಲ್ಲುದಿಲ್ಲ. ನಾನು ದಡ್ಡಿಯಾ? ನನ್ನ ಅಮ್ಮ ಹೋದದ್ದೂ ಹೀಗೇ ಅಲ್ವಾ? ನನ್ನ ತಮ್ಮನೇ ನನ್ನ ಕಣ್ಣು ತಪ್ಸಿ ಮಾತಾಡ್ತಾನೆ. ನಾನು ಆವತ್ತಿನಿಂದ ಎಲೆ-ಅಡಿಕೆ ಬಿಟ್ಟಿದ್ದೇನೆ, ಗೊತ್ತುಂಟಾ? ನೀನು ಉಳಿದ್ರೆ ಊರಿಗೆ ಹೋಗಿ ದೇವಿಗೆ ಸೀರೆ ಉಡಿಸ್ತೇನೆ ಅಂತ ಹೇಳ್ಕೊಂಡಿದ್ದೇನೆ.’

ದಮಯಂತಿ ಆಗ ಅವಳ ಬಾಯಿ ನೋಡಿದಳು. ಮದುವೆಯಾಗಿ ಬಂದ ದಿನದಿಂದ ಕೆಂಪಗೇ ಕಂಡಿದ್ದ ತುಟಿ ಈಗ ಬೆಳ್ಳಗಿತ್ತು. ಎಷ್ಟು ತಿಂಗಳಿಂದಲೋ ಹಾಗಿತ್ತು, ತಾನು ನೋಡಿಯೇ ಇರಲಿಲ್ಲ. ಸಾಯುತ್ತಿಲ್ಲದವಳಿಗಾಗಿ ಈ ಹೆಂಗಸು ವ್ರತ ಹಿಡಿದಿದ್ದಳು, ಯಾರಿಗೂ ಒಂದು ಮಾತು ಹೇಳದೆ.

‘ವಸಂತಕ್ಕ, ನನಗೆ ಯಾವ ರೋಗವೂ ಇಲ್ಲ’ ಎಂದಳು. ‘ಇದ್ದ ರೋಗಗಳೂ ಹೋಗಿವೆ. ನಾನು ತೂಕ ಇಳಿಸುವ ಆಪರೇಷನ್ ಮಾಡಿಸಿದ್ದು. ಹೊಟ್ಟೆ ಸಣ್ಣ ಮಾಡಿಸಿದ್ದು. ನಾಚಿಕೆ ಆಯ್ತು, ಹೇಳ್ಲಿಲ್ಲ.’

ವಸಂತಿ ಕಣ್ಣೊರೆಸುವುದನ್ನು ನಿಲ್ಲಿಸಿದಳು. ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. ಅರ್ಥವಾದ ಮೇಲೆ ಅವಳು ದಮಯಂತಿಯ ಬೆನ್ನಿಗೆ ಒಂದು ಗುದ್ದು ಹಾಕಿದಳು, ಹಗುರವಾಗಿ ಅಲ್ಲ.

‘ನಾಚಿಕೆ? ಯಾರತ್ರ ನಾಚಿಕೆ? ನಿನ್ನ ಬಾಣಂತನ ಮಾಡಿದವ್ಳು ನಾನು! ನಿನ್ನ ಹೊಟ್ಟೆಗೆ ಎಣ್ಣೆ ಹಚ್ಚಿದವ್ಳು ನಾನು! ಆ ಹೊಟ್ಟೆ ಸಣ್ಣ ಆಯ್ತು ಅಂತ ಹೇಳ್ಲಿಕ್ಕೆ ನನ್ನತ್ರ ನಾಚಿಕೆಯಾ?’ ಬೈಯುತ್ತ ಬೈಯುತ್ತಲೇ ಅವಳು ತಬ್ಬಿಕೊಂಡಳು. ಆಮೇಲೆ ಹಾಸಿಗೆಯ ಮೇಲೆ ಕೂರಿಸಿ ಎಲ್ಲವನ್ನೂ ಕೇಳಿದಳು. ಎಲ್ಲಿ ಕೊಯ್ದರು, ಎಷ್ಟು ತೆಗೆದರು, ತೆಗೆದದ್ದನ್ನು ಏನು ಮಾಡಿದರು. ಕೇಳಿ ಮುಗಿಸಿ, ಕೈ ತನ್ನ ಸೊಂಟದ ಮೇಲಿಟ್ಟುಕೊಂಡು, ‘ಧೈರ್ಯ ನಿಂದು. ನನಗೆ ಹಲ್ಲು ಕೀಳಿಸ್ಲಿಕ್ಕೆ ಆಗುದಿಲ್ಲ’ ಎಂದಳು.

ಧೈರ್ಯ. ಆ ಮಾತನ್ನು ದಮಯಂತಿ ಆವರೆಗೆ ಈ ವಿಷಯದ ಹತ್ತಿರವೂ ತಂದಿರಲಿಲ್ಲ. ಕಲ್ಯಾಣದಿಂದ ಠಾಣೆಗೆ ಬರುವ ಲೋಕಲ್ಲಿನಲ್ಲಿ ಕಿಟಕಿಯ ಪಕ್ಕ ಕುಳಿತು ಅದನ್ನೇ ತಿರುಗಿಸಿ ಮುರುಗಿಸಿ ನೋಡಿದಳು. ವಿಕಾಸ್ ಆತಂಕದಿಂದ, ‘ಇನ್ನು ಎಲ್ಲರಿಗೂ ಗೊತ್ತಾಗ್ತದೆ’ ಎಂದ. ಆದರೆ ಎಲ್ಲರಿಗೂ ಗೊತ್ತಾಗಲಿಲ್ಲ. ವಸಂತಿ ತುಟಿ ಬಿಚ್ಚಲಿಲ್ಲ. ಹಾಲ್‌ನಲ್ಲಿ ಪಿಸುಗುಟ್ಟಿದವರಿಗೆ ‘ಅವಳಿಗೆ ತುಪ್ಪ ಆಗುದಿಲ್ಲ’ ಎಂದಷ್ಟೇ ಹೇಳಿ ಬಾಯಿ ಮುಚ್ಚಿಸಿದ್ದಳು. ಹೇಳುವುದು ಬಿಡುವುದು ನಿನ್ನ ಇಷ್ಟ ಎಂದು ಫೋನಿನಲ್ಲಿ ಹೇಳಿ, ಹಿಂದೆಯೇ ಎಲೆ-ಅಡಿಕೆ ಜಗಿಯುವ ಸದ್ದು ಕೇಳಿಸಿದಳು.

ಡಿಪೋದಲ್ಲಿ ಅನುಷ್ಕಾ ಎಂಬ ಹುಡುಗಿ ಹೊಸದಾಗಿ ಕಂಡಕ್ಟರ್ ಆಗಿ ಸೇರಿದ್ದಳು. ಹುಟ್ಟಿದ್ದು ಡೊಂಬಿವಲಿಯಲ್ಲಿ, ತಾಯಿ ಶರಣಬಸಮ್ಮ ಕಲಬುರಗಿ ಕಡೆಯವಳು. ಹುಡುಗಿಯ ಮೈ ದಮಯಂತಿಯ ಹಳೆಯ ಮೈಯ ಹಾದಿಯಲ್ಲೇ ಇತ್ತು. ದಮಯಂತಿಗೆ ಕನ್ನಡ ಗೊತ್ತೆಂದು ತಿಳಿದ ಮೇಲೆ ಅವಳನ್ನು ನೆರಳಿನಂತೆ ಹಿಂಬಾಲಿಸುತ್ತಿದ್ದಳು. ಒಂದು ಮಧ್ಯಾಹ್ನ ಕ್ಯಾಂಟೀನಿನಲ್ಲಿ ಡಬ್ಬಿ ತೆರೆದಳು. ಒಳಗೆ ಗಂಜಿಯ ತಿಳಿ, ಒಂದು ಸೌತೆಕಾಯಿ. ಮುಖ ಬಾಡಿ ಬದನೆಕಾಯಿಯಾಗಿತ್ತು.

‘ಇದೇನಿದು? ಊಟ ಎಲ್ಲಿ?’

‘ನೀವು ಹೇಳಿದ್ದೇ ರೀ ತಾಈ. ನಾಕು ತಿಂಗ್ಳಾತು. ಗಂಜಿ ಕುಡ್ಯಾಕತ್ತೀನಿ, ಮುಂಜಾನೆ ವಾಕಿಂಗ್ ಮಾಡಾಕತ್ತೀನಿ. ಏನೂ ಫರಕ್ ಬಿದ್ದಿಲ್ಲ ನೋಡ್ರಿ.’ ಅನುಷ್ಕಾ ಸೌತೆಕಾಯಿಯನ್ನು ನೋಡುತ್ತಲೇ ಮಾತಾಡಿದಳು. ‘ನಿಮ್ಮಂಗ ನನ್ನ ಮನಸ್ಸು ಗಟ್ಟಿ ಇಲ್ಲ. ಅವ್ವಾನೂ ಅದೇ ಅಂತಾಳ, ಕಂಡಕ್ಟರ್ ತಾಈಗೆ ಆಗೂದು ನಿನಗ್ಯಾಕ ಆಗಂಗಿಲ್ಲ ಅಂತ. ನಂದೇ ಏನೋ ಕಮೀ ಅದ.’

ದಮಯಂತಿ ಚಮಚ ಕೆಳಗಿಟ್ಟಳು. ಇಷ್ಟು ವರ್ಷ ಬೇರೆಯವರ ಕತೆಗಳನ್ನು ಕೇಳಿ ತಾನು ಸೋತವಳೆಂದು ಅಂದುಕೊಂಡವಳು ಅವಳು. ಗಂಜಿ ಕುಡಿದು ಇಳಿದೆ, ನಿಂಬೆ ಕುಡಿದು ಇಳಿದೆ ಎಂದವರಲ್ಲಿ ಎಷ್ಟು ಜನ ಅರ್ಧ ಸತ್ಯ ಹೇಳಿದ್ದರೋ! ಈಗ ಅದೇ ಅರ್ಧ ಸತ್ಯವನ್ನು ತಾನು ಈ ಹುಡುಗಿಯ ಡಬ್ಬಿಗೆ ತುಂಬಿಸಿದ್ದಳು.

‘ಮೊದ್ಲು ಈ ಡಬ್ಬಿ ಮುಚ್ಚು’ ಎಂದು ಕ್ಯಾಂಟೀನಿನವನಿಗೆ ಎರಡು ಗೋಧಿಯ ಪೋಳಿ, ಮೊಳಕೆಕಾಳಿನ ಉಸಳ ತರಲು ಹೇಳಿದಳು. ಬಂದ ಮೇಲೆ ತಟ್ಟೆಯನ್ನು ಹುಡುಗಿಯ ಮುಂದೆ ಸರಿಸಿದಳು. ‘ನಾನು ಗಂಜಿ ಕುಡಿದದ್ದು ಹೌದು. ಆದ್ರೆ ಆಪರೇಷನ್ ಆದ ಮೇಲೆ ಕುಡಿದದ್ದು. ನನ್ನ ಹೊಟ್ಟೆ ಮುಕ್ಕಾಲು ಭಾಗ ತೆಗ್ದಿದ್ದಾರೆ ಅನುಷ್ಕಾ. ಅದಕ್ಕಿಂತ ಮುಂಚೆ ನಾನೂ ನಿನ್ನ ಹಾಗೇ ಎಲ್ಲ ಮಾಡಿ ನೋಡಿದವ್ಳು. ನನಗೂ ಏನೂ ಆಗಿರ್ಲಿಲ್ಲ.’

ಅನುಷ್ಕಾ ಕಣ್ಣೆತ್ತಿ ಅವಳ ಮುಖ ನೋಡಿದಳು. ಸಿಟ್ಟು ಮಾಡಿಕೊಂಡಾಳೇ ಎಂದು ದಮಯಂತಿ ಕಾದಳು. ಹುಡುಗಿ ಸಣ್ಣ ದನಿಯಲ್ಲಿ ಕೇಳಿದ್ದು ಒಂದೇ ಮಾತು: ‘ಮತ್ತ... ನನ್ನ ತಪ್ಪಲ್ಲೇನ್ರೀ ಅದು?’

‘ಅಲ್ಲ ಮಗಾ.’

ಅನುಷ್ಕಾ ಪೋಳಿ ಮುರಿದು ಉಸಳದಲ್ಲಿ ಅದ್ದಿ ತಿನ್ನತೊಡಗಿದಳು. ತಿನ್ನುತ್ತ ತಿನ್ನುತ್ತ ಕಣ್ಣಲ್ಲಿ ನೀರು ಬಂತು, ಅದನ್ನು ಒರೆಸಿಕೊಳ್ಳದೆಯೇ ತಿಂದಳು. ಮರುವಾರ ದಮಯಂತಿ ರಜೆ ಹಾಕಿ ಅವಳನ್ನೂ ಶರಣಬಸಮ್ಮನನ್ನೂ ನವಿ ಮುಂಬಯಿಗೆ ಕರೆದುಕೊಂಡು ಹೋದಳು. ಸುಮೇಧಾ ಪರೀಕ್ಷೆ ಮಾಡಿ, ಈ ಹುಡುಗಿಗೆ ಆಪರೇಷನ್ ಬೇಕಿಲ್ಲ, ಹಾರ್ಮೋನಿನ ತೊಂದರೆಯಿದೆ, ಅದಕ್ಕೆ ಔಷಧವಿದೆ ಎಂದರು. ಶರಣಬಸಮ್ಮ ಹೊರಗೆ ಬಂದು ಮಗಳ ತಲೆ ಸವರಿ, ‘ಸುಮ್ನ ಬೈತಿದ್ದೆನಲ್ಲವ್ವಾ ನಿನ್ನ’ ಎಂದದ್ದನ್ನು ದಮಯಂತಿ ಕೇಳಿಯೂ ಕೇಳದವಳಂತೆ ಬಸ್ಸಿನ ಬೋರ್ಡು ಓದುತ್ತ ನಿಂತಳು.

ಮಾರ್ಚ್ ತಿಂಗಳಲ್ಲಿ ಮಹಿಳಾ ದಿನ. ಡಿಪೋದ ಅಂಗಳದಲ್ಲಿ ಶಾಮಿಯಾನ ಹಾಕಿ ಹೆಂಗಸು ನೌಕರರಿಗೆ ಸನ್ಮಾನ. ಈ ಸಲ ದಮಯಂತಿಗೆ ಶಾಲು ಹೊದಿಸಿ ‘ಮನೋಬಲದ ಮಾದರಿ’ ಎಂದು ಕರೆಯುವುದು, ಅವಳು ನಾಲ್ಕು ಮಾತಾಡುವುದು ಎಂದು ತೀರ್ಮಾನವಾಗಿತ್ತು. ಅವಳು ಮನೆಯಲ್ಲಿ ಹೇಳಿದಳು: ‘ಮಾತಾಡಿದ್ರೆ ನಿಜ ಹೇಳ್ತೇನೆ. ಇಲ್ಲದಿದ್ರೆ ಮಾತಾಡುದಿಲ್ಲ.’

ವಿಕಾಸ್ ಊಟದ ತಟ್ಟೆ ಸರಿಸಿದ. ‘ಅಕ್ಕನಿಗೆ ಹೇಳಿದ್ದಿ, ಸರಿ. ಆ ಹುಡುಗಿಗೆ ಹೇಳಿದ್ದಿ, ಅದೂ ಸರಿ. ಮೈಕ್ ಹಿಡಿದು ಹೇಳುವ ಅಗತ್ಯ ಎಂತ? ನಿನ್ನ ಹೊಟ್ಟೆ, ಯಾರಿಗೂ ಲೆಕ್ಕ ಕೊಡ್ಬೇಕಾಗಿಲ್ಲ.’

‘ಕೊಡ್ಬೇಕಾಗಿಲ್ಲ. ಅದು ನನಗೂ ಗೊತ್ತುಂಟು’ ಎಂದಳು ದಮಯಂತಿ. ‘ಅವ್ರು ಸುಮ್ಮನೆ ಶಾಲು ಹಾಕಿದ್ರೆ ನಾನೂ ಸುಮ್ಮನೆ ಹಾಕಿಸ್ಕೊಳ್ತಿದ್ದೆ. ಆದ್ರೆ ಮನೋಬಲ ಅಂತ ಹೇಳಿ ಹಾಕ್ತಾರೆ. ಅಲ್ಲಿ ಇನ್ನೊಬ್ಳು ಅನುಷ್ಕಾ ಕೂತಿದ್ರೆ? ಮತ್ತೆ, ನೀವೇ ಹೇಳಿ, ನಾನು ಕಳ್ಳತನ ಮಾಡಿದ್ದೇನಾ? ಆ ಟೇಬಲ್ಲಿನ ಮೇಲೆ ಮಲಗ್ಲಿಕ್ಕೆ ಎಷ್ಟು ಧೈರ್ಯ ಬೇಕಾಯ್ತು ಅಂತ ನಿಮಗೆ ಗೊತ್ತುಂಟು. ಅದನ್ನ ಯಾಕೆ ಅಡಗಿಸಿಡ್ಬೇಕು?’

ರಮಿತಾ ಅಪ್ಪನ ತಟ್ಟೆಯನ್ನು ಮತ್ತೆ ಅವನ ಮುಂದಿಟ್ಟಳು.

ಮಹಿಳಾ ದಿನದಂದು ದಮಯಂತಿ ಹೊಸ ಅಳತೆಗೆ ಹೊಲಿಸಿದ ಖಾಕಿಯಲ್ಲಿ ವೇದಿಕೆ ಹತ್ತಿದಳು. ಮರಾಠಿಯಲ್ಲಿ ಮಾತಾಡಿದಳು. ಬಸ್ಸಿನಲ್ಲಿ ಬಿದ್ದದ್ದು, ಅಜ್ಜಿಯ ಕೈ, ಕ್ಯಾಬಿನ್ನಿನ ಗಾಜು, ಆಮೇಲೆ ಆಪರೇಷನ್. ಪಿತ್ತಕೋಶದ ಕಲ್ಲಿನ ಸುಳ್ಳಿನ ಕತೆ ಹೇಳಿದಾಗ ಜನ ಹೊಟ್ಟೆ ಹಿಡಿದು ನಕ್ಕರು. ಕೂದಲು ಉದುರಿದ್ದು ಹೇಳಿದಾಗ ಯಾರೂ ನಗಲಿಲ್ಲ. ‘ಇದು ಎಲ್ಲರಿಗೂ ಬೇಕಾದ್ದಲ್ಲ. ಯಾರಿಗೆ ಬೇಕು, ಯಾರಿಗೆ ಬೇಡ ಅಂತ ಡಾಕ್ಟರು ಹೇಳಬೇಕು. ಆದರೆ ಡಯಟ್ ಮಾಡಿ ಸೋತವರು ನಿಮ್ಮನ್ನು ನೀವು ಬೈಯಬೇಡಿ. ಇಷ್ಟೇ ನನಗೆ ಹೇಳಬೇಕಾಗಿದ್ದದ್ದು’ ಎಂದಳು.

ಹಿಂದಿನ ಸಾಲಿನಿಂದ ಒಬ್ಬ ಮೆಕ್ಯಾನಿಕ್ ದೊಡ್ಡ ದನಿಯಲ್ಲೇ, ‘ಅಂದ್ರೆ ಶಾರ್ಟ್‌ಕಟ್ ಹೊಡೆದ್ರಿ ತಾಈ!’ ಎಂದ. ಶಾಮಿಯಾನದಲ್ಲಿದ್ದವರೆಲ್ಲ ಹಿಂತಿರುಗಿ ನೋಡಿದರು.

ದಮಯಂತಿ ಮೈಕಿನಿಂದ ಮುಖ ತೆಗೆದು ಅವನನ್ನೇ ನೋಡಿದಳು. ತುಂಬಿದ ಬಸ್ಸನ್ನು ಹಿಡಿತದಲ್ಲಿಡುವ ದನಿಯಲ್ಲಿ ಹೇಳಿದಳು: ‘ಹೌದಪ್ಪ, ಶಾರ್ಟ್‌ಕಟ್. ನೀನೂ ಒಂದು ಲೋಟ ನೀರನ್ನ ಒಂದು ತಾಸು ಕುಡಿದು ತೋರಿಸು. ಒಂದೇ ದಿನ ಸಾಕು. ಆಮೇಲೆ ಮಾತಾಡೋಣ.’

ಮೊದಲು ಚಪ್ಪಾಳೆ ತಟ್ಟಿದವಳು ಅನುಷ್ಕಾ. ಅವಳ ಹಿಂದೆ ಹೆಂಗಸರ ಸಾಲು ಪೂರಾ ಎದ್ದಿತು. ಮೆಕ್ಯಾನಿಕ್ ಕೈಮುಗಿದು ನಗುತ್ತ ಕುಳಿತ. ಎಲ್ಲರೂ ಮೆಚ್ಚಿದರು ಎಂದಲ್ಲ. ಕ್ಯಾಂಟೀನಿನಲ್ಲಿ ‘ಇಷ್ಟೆಲ್ಲ ಹೇಳಬೇಕಿತ್ತಾ’ ಎಂದವರೂ ಇದ್ದರು. ಆದರೆ ವೇದಿಕೆಯಿಂದ ಇಳಿಯುವಾಗ ದಮಯಂತಿಗೆ ಆ ಶಾಲು ತನ್ನದೇ ಎನ್ನಿಸಿತು. ಶಾಮಿಯಾನದ ಕಂಬಕ್ಕೆ ಒರಗಿ, ಹೋಟೆಲಿನ ಕಪ್ಪು ಕೋಟಿನಲ್ಲೇ ವಿಕಾಸ್ ನಿಂತಿದ್ದ. ಬರುತ್ತೇನೆಂದು ಹೇಳಿರಲಿಲ್ಲ. ಅವನ ಕಣ್ಣು ಕೆಂಪಾಗಿತ್ತು. ‘ಕೂರ್ಲಿಕ್ಕೆ ಜಾಗ ಇರ್ಲಿಲ್ಲ’ ಎಂದಷ್ಟೇ ಹೇಳಿದ.

ಈಗ ದಮಯಂತಿ ಕೇಳಿದವರಿಗೆಲ್ಲ ಹೇಳುತ್ತಾಳೆಂದೇನೂ ಇಲ್ಲ. ಕುತೂಹಲಕ್ಕೆ ಕೇಳುವವರಿಗೆ ‘ಪುಢೇ ಸರಕಾ’ ಎಂದು ಮುಂದೆ ಕಳಿಸುತ್ತಾಳೆ. ಕೇಳುವಾಗ ದನಿ ತಗ್ಗಿಸುವವರು, ಕಣ್ಣು ಬೇರೆಲ್ಲೋ ನೆಟ್ಟು ಕೇಳುವವರು ಸಿಕ್ಕರೆ ಕೊನೆಯ ಸ್ಟಾಪಿನಲ್ಲಿ ಇಳಿಸಿಕೊಂಡು ಎಲ್ಲವನ್ನೂ ಹೇಳುತ್ತಾಳೆ. ಅದು ಅವಳ ತೀರ್ಮಾನ. ಬಸ್ಸಿನಲ್ಲಿ ಯಾರನ್ನು ಎಲ್ಲಿ ಇಳಿಸಬೇಕೆಂಬುದು ಅವಳಿಗೆ ಹೇಗೆ ತಿಳಿಯುತ್ತದೋ ಹಾಗೆಯೇ ಇದೂ ತಿಳಿಯುತ್ತದೆ.

ಹತೋಟಿ ತಪ್ಪಿರುವುದು ವಿಕಾಸನ ಬಾಯಿ. ಮೊನ್ನೆ ನೌಪಾಡಾದ ಹೋಟೆಲಿನಲ್ಲಿ ಖಾಯಂ ಗಿರಾಕಿಯೊಬ್ಬರು, ‘ನಿಮ್ಮ ಮಿಸೆಸ್ಸು ಡಯಟ್ ಮಾಡಿ ಭಾರಿ ಇಳಿದ್ರಂತೆ?’ ಎಂದು ಮೆನು ನೋಡುತ್ತ ಕೇಳಿದರು. ವಿಕಾಸ್ ನೆಟ್ಟಗೆ ನಿಂತು, ‘ಡಯಟ್ ಅಲ್ಲ ಸಾರ್, ಆಪರೇಷನ್!’ ಎಂದು ಫೋನ್ ತೆಗೆದು ಶಾಲಿನ ಫೋಟೋ ತೋರಿಸಿದ. ‘ಭಾರಿ ಧೈರ್ಯದವ್ಳು ಸಾರ್. ಮೂರು ಮಹಡಿ ನಿಲ್ಲದೆ ಹತ್ತುತ್ತಾಳೆ. ನಾನು ಹಿಂದಿನಿಂದ ಏದುಸಿರು ಬಿಡ್ತಾ ಬರ್ತೇನೆ.’ ಮಾತು ಅಲ್ಲಿಗೆ ನಿಲ್ಲಲಿಲ್ಲ. ಗಿರಾಕಿಗೆ ದೋಸೆ ಸಿಕ್ಕಿದ್ದು ಬಹಳ ತಡವಾಗಿ.